ಓನರ್ ಆಂಟಿ ಮತ್ತು ಮಾಗಡಿ ದಾರಿ

ಮೊನ್ನೆ ಸಂಜೆ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಅವರೆಕಾಯಿಯ ರಾಶಿ ಬಿದ್ದಿತ್ತು. ಈ ವರ್ಷ ನನ್ನ ಕಣ್ಣಿಗೆ ಬಿದ್ದ ಮೊದಲ ರಾಶಿ. ಸೊಗಡು ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಿಂತಿತು. ಹೆಂಡತಿ ಬಗ್ಗಿ ಒಂದು ಹಿಡಿ ಕಾಯಿ ಎತ್ತಿ ಮೂಸಿ, ಬೆರಳಿಗೆ ಹತ್ತಿದ ಜಿಡ್ಡನ್ನು ನನಗೆ ತೋರಿಸಿ, "ತಗೊಳ್ಳೋಣ್ವಾ?" ಅಂದಳು. ನಾನು ಹೂಂ ಅನ್ನುವ ಬದಲು "ಎಲ್ಲಿಯ ಕಾಯಿ?" ಅಂತ ವ್ಯಾಪಾರಿಯನ್ನು ಕೇಳಿದೆ. "ಮಾಗಡೀದು ಸಾರ್" ಅಂದ. ಈ ಊರಿನಲ್ಲಿ ಮಾರುವ ಅವರೆಕಾಯಿಯೆಲ್ಲ ಮಾಗಡಿಯದೇ, ಕೇಳಿದರೆ ಬೇರೆ ಉತ್ತರ ಯಾರೂ ಕೊಡುವುದಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ಇಬ್ಬರಿಗೂ ಒಬ್ಬರದೇ ನೆನಪು ಬಂದಿತ್ತು... ಚಾಮರಾಜಪೇಟೆಯ ಮನೆಯ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು, ಕಾಯಿ ಸುಲಿಯುತ್ತಾ, ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ ನಮ್ಮ ಓನರ್ ಆಂಟಿಯದು.

ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆ 'ಓನರ್ ಆಂಟಿ' ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೊಂದು ಹೆಸರಿತ್ತು, ಗೇಟಿನ ಮೇಲೆ ಬರೆಸಿಯೂ ಇದ್ದರು. ಆದರೆ ಹಾಲಿನವನಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರಿಗೂ ಅವರು ಓನರ್ ಆಂಟಿಯೇ. ಅವರ ಯಜಮಾನರು ಅಂಕಲ್. ಅಂಕಲ್ ಮಾತು ಕಡಿಮೆ. ಆ ಕೊರತೆ ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಆಂಟಿ ನೋಡಿಕೊಳ್ಳುತ್ತಿದ್ದರು.

ನಮ್ಮದು ಬಳೇಪೇಟೆಯಲ್ಲಿ ಬಳೆ ವ್ಯಾಪಾರದ ಮನೆತನ. ಅಣ್ಣಂದಿರ ಮದುವೆಗಳಾಗಿ ಅಂಗಡಿಯ ಮೇಲಿನ ಮನೆ ಇಕ್ಕಟ್ಟಾದಾಗ, ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸದಲ್ಲಿದ್ದ ನಾನು ಹೊಸ ಹೆಂಡತಿಯೊಡನೆ ಚಾಮರಾಜಪೇಟೆಯ ಆ ಮನೆಯ ಮಹಡಿಗೆ ಬಂದೆ. ಜೊತೆಗೆ ನನ್ನ ಗೇರ್ ಸೈಕಲ್ಲೂ ಬಂತು. ಆಗ ನನಗೆ ದೂರದ ಸವಾರಿಯ ಹುಚ್ಚು ಹೊಸದಾಗಿ ಹಿಡಿದಿತ್ತು. ಮಳೆ ನಿಂತು ಚಳಿ ಶುರುವಾಗುವಾಗ ಈ ಸೀಸನ್ನಿನಲ್ಲಿ ಇಷ್ಟು ದೂರ, ಇಷ್ಟು ವೇಗ, ಇಂಥ ಊರು ಅಂತ ಗುರಿ ಹಾಕಿಕೊಳ್ಳುವುದು. ಬೇಸಿಗೆ ಬರುವ ಹೊತ್ತಿಗೆ ಯಾವುದು ಆಯಿತು, ಯಾವುದು ಆಗಲಿಲ್ಲ ಅಂತ ನೋಡಿಕೊಳ್ಳುವುದು. ಆಫೀಸಿನ ಚಟ ಎಲ್ಲಿ ಹೋಗುತ್ತದೆ? ಅದಕ್ಕೊಂದು ಚಾರ್ಟು ಮಾಡಿ, ಬಣ್ಣ ತುಂಬಿ, ನಡುಮನೆಯ ಗೋಡೆಗೆ ಅಂಟಿಸಿದ್ದೆ.

ಆಂಟಿಗೆ ನನ್ನ ಮೇಲೆ ಮೊದಮೊದಲು ಇದ್ದದ್ದು ಒಂದೇ ದೂರು, ಸೈಕಲ್ ಟೈರಿನ ಮಣ್ಣು ಮೆಟ್ಟಿಲಿಗೆ ಬೀಳುತ್ತದೆ ಅಂತ. ಒಂದು ದಿನ ನಲ್ಲಿ ಸೋರುತ್ತಿರುವುದನ್ನು ನೋಡಲು ಮೇಲೆ ಬಂದವರು ಆ ಚಾರ್ಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಕೊನೆಗೆ ಅವರು ಕೇಳಿದ್ದು ಇಷ್ಟೇ.

"ಅಷ್ಟು ದೂರ ಹೋಗಿ ಏನ್ ತರ್ತೀಯಾ?"

"ಏನೂ ಇಲ್ಲ ಆಂಟಿ. ಹೋಗಿ ವಾಪಸ್ ಬರೋದು."

"ಬರೀ ಕೈಯಲ್ಲಿ ಬರ್ತೀಯಾ? ನಿನ್ನ ಹೆಂಡ್ತಿ ಸುಮ್ನಿರ್ತಾಳಾ?"

ನನ್ನ ಹೆಂಡತಿ ಅಡುಗೆಮನೆಯಲ್ಲಿ ನಕ್ಕದ್ದು ನನಗೆ ಕೇಳಿಸಿತು. ಆವತ್ತಿನಿಂದ ಅವರಿಬ್ಬರೂ ಒಂದು ಪಾರ್ಟಿ.

ಅದಾಗಿ ಸ್ವಲ್ಪ ದಿನಕ್ಕೆ, ಹಿಂದಿನ ಬಾಡಿಗೆದಾರರು ಬಿಟ್ಟುಹೋಗಿದ್ದ ಲೇಡೀಸ್ ಸೈಕಲ್ಲನ್ನು ಆಂಟಿ ಮೆಟ್ಟಿಲ ಕೆಳಗಿನ ಗೂಡಿನಿಂದ ಹೊರಗೆಳೆದು ಅಂಗಳದಲ್ಲಿ ತೊಳೆಯುತ್ತಿದ್ದರು. ಯಾರಿಗೆ ಅಂತ ಕೇಳಿದರೆ "ನಂಗೇ" ಅಂದರು. ಐವತ್ತೈದು ದಾಟಿದ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುವ ಹೆಂಗಸು. ತಮಾಷೆ ಅಂದುಕೊಂಡೆ. ಮರುದಿನ ಬೆಳಗ್ಗೆ ನೋಡಿದರೆ ಚೂಡಿದಾರ ತೊಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಚಾಮರಾಜಪೇಟೆಯ ಕ್ರಾಸಿನಿಂದ ಕ್ರಾಸಿಗೆ ಗಂಟೆ ಹೊಡೆಯುತ್ತಾ ಹೋಗುತ್ತಿದ್ದರು. ಕಲಿತದ್ದು ಯಾವಾಗ ಅಂತ ಕೇಳಿದೆ. ಹುಡುಗಿಯಾಗಿದ್ದಾಗ ಊರಿನಲ್ಲಿ ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆಯುತ್ತಿದ್ದರಂತೆ. ಕಲಿಸಿದವನೂ ಅಣ್ಣನೇ, ರಾಗಿ ಕೊಯ್ದ ಹೊಲದಲ್ಲಿ, ಹಿಂದಿನಿಂದ ಸೀಟು ಹಿಡಿದುಕೊಂಡು. ಇಷ್ಟು ಹೇಳಿ ಮಾತು ಬದಲಿಸಿದರು.

ಆಂಟಿಯ ಗುರಿ ಹಾಕುವ ರೀತಿಯೇ ಬೇರೆ. ಕಿಲೋಮೀಟರು, ವೇಗ ಅವರಿಗೆ ಬೇಕಿರಲಿಲ್ಲ. ಅವರ ಸೀಸನ್ ಅಂದರೆ ಅವರೆಕಾಯಿ ಸೀಸನ್. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತು, ನನ್ನ ಗುರಿ ಅವರಿಗೆ, ಅವರ ಗುರಿ ನನಗೆ ಹೇಳಬೇಕು. ಅವರದು ಸೀಸನ್ನಿಗೆ ಒಂದೇ ಊರು. ಆ ಊರಿಗೆ ಸೈಕಲ್ಲಿನಲ್ಲಿ ಹೋಗಿ ಅಲ್ಲಿಯ ಅವರೆಕಾಯಿ ತರಬೇಕು. ತರುವ ತನಕ ಅವರ ಮನೆಯಲ್ಲಿ ಅವರೆಕಾಯಿ ಬೇಯುವಂತಿಲ್ಲ. ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರಲಿ, ಅಕ್ಕಪಕ್ಕದ ಮನೆಗಳಿಂದ ಹಿತಕಿದ ಬೇಳೆ ಸಾರಿನ ವಾಸನೆ ಬರುತ್ತಿರಲಿ, ಆಂಟಿಯ ಮನೆಯಲ್ಲಿ ಬದನೆಕಾಯಿ. ಅಂಕಲ್ ಪಾಡು ನೋಡಲಾಗುತ್ತಿರಲಿಲ್ಲ. ಸಂಜೆ ವಾಕಿಂಗ್ ಅಂತ ಹೊರಟು ಬಸವನಗುಡಿಯ ಕಡೆಯ ಒಂದು ಹೋಟೆಲಿನಲ್ಲಿ ಅವರೆಬೇಳೆ ಉಪ್ಪಿಟ್ಟು ತಿಂದು ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವರೂ ನನ್ನನ್ನು ಕಂಡರು. ಇಬ್ಬರೂ ಮಾತಾಡಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಹೋಗುವುದು ಮಾತ್ರ ಸೈಕಲ್ಲಿನಲ್ಲಿ, ಬರುವುದಕ್ಕೆ ಪ್ರೈವೇಟ್ ಬಸ್ಸು. ಸೈಕಲ್ ಬಸ್ಸಿನ ಟಾಪ್ ಮೇಲೆ, ಆಂಟಿ ಡ್ರೈವರ್ ಪಕ್ಕದ ಸೀಟಿನಲ್ಲಿ. ಜೊತೆಗೆ ಹೋದ ನಾನು ಎರಡೂ ಕಡೆ ತುಳಿದು ನಾಲಿಗೆ ಹೊರಹಾಕಿಕೊಂಡು ಮನೆ ಸೇರುವಷ್ಟರಲ್ಲಿ ಅವರು ಸ್ನಾನ ಮಾಡಿ, ಕಾಯಿ ಸುಲಿದು ಮುಗಿಸಿರುತ್ತಿದ್ದರು.

ಶಿವರಾತ್ರಿಯ ಹೊತ್ತಿಗೆ ಅದೇ ಮೆಟ್ಟಿಲ ಮೇಲೆ ವಿಚಾರಣೆ. "ಆಯ್ತಾ?" ಅಂತ ಕೇಳುವರು. ಆಯ್ತು ಅಥವಾ ಆಗ್ಲಿಲ್ಲ, ಎರಡರಲ್ಲಿ ಒಂದು ಹೇಳಬೇಕು. 'ಆದರೆ' ಅನ್ನುವಂತಿಲ್ಲ. ನನಗೆ ಅದೇ ಕಷ್ಟ. ಎದುರುಗಾಳಿ ಇತ್ತು, ಹೊಸ ಟೈರು, ಆಫೀಸಿನಲ್ಲಿ ಆಡಿಟ್ಟು ಅಂತ ಶುರು ಮಾಡಿದರೆ ಸುಲಿಯುತ್ತಿದ್ದ ಕೈ ನಿಲ್ಲಿಸಿ ನೋಡುವರು.

"ಗಾಳಿನ ಯಾಕಪ್ಪ ಮಧ್ಯಕ್ಕೆ ಎಳೀತೀಯ? ಅದರ ಪಾಡಿಗೆ ಅದು ಬೀಸ್ತಿತ್ತು. ನಿಂಗಾಗ್ಲಿಲ್ಲ. ಆಗ್ಲಿಲ್ಲ ಅನ್ನು, ಮುಗೀತು."

ಹೇಳಿಬಿಟ್ಟರೆ ನಿಜಕ್ಕೂ ಮನಸ್ಸು ಹಗುರವಾಗುತ್ತಿತ್ತು. ಅದನ್ನು ಅವರೆದುರು ಒಪ್ಪಿಕೊಳ್ಳಲಿಲ್ಲ ಅಷ್ಟೆ. ಒಪ್ಪಿಕೊಂಡಿದ್ದರೆ ಬಾಡಿಗೆದಾರರಿಗೆಲ್ಲ ಸಾರಿಕೊಂಡು ಬರುತ್ತಿದ್ದರು.

ಮೊದಲ ಸೀಸನ್ನಿಗೆ ಅವರ ಗುರಿ ತಾವರೆಕೆರೆ. ಎರಡನೆಯ ಸೀಸನ್ನಿಗೆ ಮಾಗಡಿ. ಆ ಸಲ ಏರುಗಳಲ್ಲಿ ಇಳಿದು ತಳ್ಳಿಕೊಂಡು ನಡೆದರು, ಸಾವನದುರ್ಗದ ಬಂಡೆ ಕಾಣುವ ಕಡೆ ಕೂತು ಚಿತ್ರಾನ್ನ ತಿಂದರು, ದಾರಿಯ ಪ್ರತಿ ಅಂಗಡಿಯಲ್ಲೂ ಎಲ್ಲಿಂದ ಬಂದೆವು ಅಂತ ಕೇಳದವರಿಗೂ ಹೇಳಿದರು. ಮಾಗಡಿ ಪೇಟೆಯಲ್ಲಿ ಅವರೆಕಾಯಿ ಚೌಕಾಸಿ ಮಾಡುವಾಗ ಅವರ ಮುಖದಲ್ಲಿದ್ದ ಗತ್ತು ನನಗೆ ಚೆನ್ನಾಗಿ ನೆನಪಿದೆ. ಆದರೆ ಚೀಲ ಕಟ್ಟಿಸಿಕೊಂಡ ಮೇಲೆ ಬಸ್ ಸ್ಟ್ಯಾಂಡಿಗೆ ತಿರುಗದೆ, ಹುಲಿಯೂರುದುರ್ಗದ ಕಡೆ ಹೋಗುವ ರಸ್ತೆಯನ್ನು ನೋಡುತ್ತಾ ತುಂಬಾ ಹೊತ್ತು ನಿಂತಿದ್ದರು. ಏನು ಅಂದೆ. "ಏನಿಲ್ಲ ಬಾ" ಅಂದರು.

ಒಂದೇ ದಾರಿಯಲ್ಲಿ ಮುಂದಕ್ಕೆ ಮುಂದಕ್ಕೆ ಯಾಕೆ ಹೋಗುತ್ತಿದ್ದಾರೆ ಅನ್ನುವುದು ಮೂರನೆಯ ವರ್ಷ ಗುರಿ ಹೇಳುವ ಸಂಜೆ ತಿಳಿಯಿತು. ಆ ಸಲದ ಗುರಿ ಅವರ ತವರು. ಹುಲಿಯೂರುದುರ್ಗದ ರಸ್ತೆಯಲ್ಲಿ ಹೋಗಿ ಬಲಕ್ಕೆ ಒಳಗೆ ತಿರುಗಿದರೆ ಸಿಗುವ ಸಣ್ಣ ಹಳ್ಳಿ. ತಂದೆ ಹೋದ ಮೇಲೆ ಆಂಟಿ ಜಮೀನಿನಲ್ಲಿ ತಮ್ಮ ಪಾಲು ಕೇಳಿದ್ದರು. ಅಣ್ಣ ಜಗಳವಾಡಲಿಲ್ಲ, ಕೋರ್ಟಿಗೂ ಹೋಗಲಿಲ್ಲ, ಕೊಟ್ಟ. ಕೊಟ್ಟು, ಪಾಲು ತಗೊಂಡವಳಿಗೆ ಮಡಿಲಕ್ಕಿ ಇಲ್ಲ ಅಂದ. ಹೆಣ್ಣುಮಗಳು ತವರಿಗೆ ಬಂದು ಹೊರಡುವಾಗ ಸೆರಗಿಗೆ ಅಕ್ಕಿ, ಕಾಯಿ, ರವಿಕೆ ಕಣ ಇಟ್ಟು ಕಳಿಸುವುದಿದೆಯಲ್ಲ, ಅದು ಇನ್ನು ಇಲ್ಲ ಅಂತ. ಅಂದರೆ ಬರಬೇಡ ಅಂತ. ಆಂಟಿ ಹೋಗುವುದನ್ನು ನಿಲ್ಲಿಸಿದರು. ಆ ಪಾಲು ಮಾರಿ ಕಟ್ಟಿಸಿದ್ದು ನಾನು ಬಾಡಿಗೆಗಿದ್ದ ಮಹಡಿ.

"ನೀನಿರೋದು ನನ್ನ ತವರುಮನೇಲಿ ಕಣಪ್ಪ," ಅಂದರು ನಕ್ಕು. ನಗು ಪೂರ್ತಿಯಾಗಲಿಲ್ಲ.

ಪಾಲು ಕೇಳಿದ್ದಕ್ಕೆ ಅವರಿಗೆ ಪಶ್ಚಾತ್ತಾಪವಿರಲಿಲ್ಲ. ಅದು ನನ್ನ ಹಕ್ಕು, ಇವತ್ತು ಕೇಳು ಅಂದರೂ ಕೇಳ್ತೀನಿ ಅನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಆ ಮನೆಯ ಒಂದು ಸೇರು ಅಕ್ಕಿ. ಪಾಲೂ ನನ್ನದೇ, ಮಡಿಲಕ್ಕಿಯೂ ನನ್ನದೇ ಅನ್ನುವುದು ಅವರ ವಾದ. ಸರಿ, ಅದಕ್ಕೆ ಸೈಕಲ್ ಯಾಕೆ? ಕೇಳಿದೆ. ಉತ್ತರ ಸಿದ್ಧವಾಗಿತ್ತು.

"ಕಾರಲ್ಲಿ ಹೋದ್ರೆ, ಪಾಲು ತಿಂದು ದೊಡ್ಡ ಮನುಷ್ಯಳಾಗಿ ತೋರ್ಸೋಕೆ ಬಂದ್ಳು ಅಂತಾರೆ. ಬಸ್ಸಲ್ಲಿ ಹೋದ್ರೆ, ಗತಿಯಿಲ್ದೆ ಬಂದ್ಳು ಅಂತಾರೆ. ಸೈಕಲ್ಲಲ್ಲಿ ಹೋದ್ರೆ ಏನನ್ಬೇಕೋ ಗೊತ್ತಾಗಲ್ಲ. ಬಾಯಿ ಮುಚ್ಕೊಂಡು ಕುಡಿಯೋಕೆ ನೀರು ಕೊಡ್ತಾರೆ."

ನಾನು ನಕ್ಕೆ. ಆಮೇಲೆ ಯೋಚಿಸಿದರೆ, ಅದರಲ್ಲಿ ತಪ್ಪು ಹುಡುಕುವುದು ನನ್ನಿಂದಾಗಲಿಲ್ಲ.

ಆ ಸಲ ಸಂಕ್ರಾಂತಿ ಕಳೆದ ಮೇಲೆ, ಬೆಳಕು ಹರಿಯುವ ಮೊದಲೇ ಹೊರಟೆವು. ಹೊರಡುವಾಗ ನಾನೇ ಹೇಳಿದೆ, ಮಾಗಡಿಯಾಚೆ ಇಳಿಜಾರು ಜಾಸ್ತಿ, ದುಪಟ್ಟಾ ಬಿಚ್ಚಿಕೊಂಡು ಚಕ್ರಕ್ಕೆ ಸಿಕ್ಕಿದರೆ ಅನಾಹುತ, ಬಿಟ್ಟು ಬನ್ನಿ ಅಂತ. ಆಂಟಿ ಬಿಟ್ಟು ಬಂದರು. ಮಾಗಡಿ ದಾಟಿದ ಮೇಲೆ ಅವರ ಮಾತು ಕಡಿಮೆಯಾಯಿತು. ಊರಿನ ತಿರುವು ಬಂದಾಗ ನಿಂತು, ಬಾಟಲಿಯ ನೀರಿನಲ್ಲಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡರು. ಆಮೇಲೆ ಗಂಟೆ ಹೊಡೆಯುತ್ತಾ ಊರೊಳಗೆ ನುಗ್ಗಿದರು. ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಆಂಟಿ ಹೇಳಿದ್ದಂತೆಯೇ ಯಾರಿಗೂ ಏನನ್ನಬೇಕೋ ತಿಳಿಯಲಿಲ್ಲ.

ಬಾಗಿಲಿಗೆ ಬಂದದ್ದು ಅವರ ಅತ್ತಿಗೆ, ಅಣ್ಣನ ಹೆಂಡತಿ. ತೆಳ್ಳಗಿನ, ಬೆಳ್ಳಗಾದ ಕೂದಲಿನ ಹೆಂಗಸು. ಸೈಕಲ್ಲನ್ನು ನೋಡಿದರು, ಆಂಟಿಯನ್ನು ನೋಡಿದರು, ಒಳಗೆ ಹೋಗಿ ನೀರು ತಂದರು. ಆಂಟಿ ನನ್ನ ಕಡೆ ಒಂದು ಸಲ ನೋಡಿ, ಗೆದ್ದವರ ಹಾಗೆ ನೀರು ಕುಡಿದರು. ನಾವು ಜಗಲಿಯ ಮೇಲೆ ಕೂತೆವು. ಮಜ್ಜಿಗೆ ಬಂತು, ಬಿಸಿ ರೊಟ್ಟಿ ಬಂತು. ಹಸು ಎಷ್ಟು ಹಾಲು ಕೊಡುತ್ತೆ, ಬೋರಿನಲ್ಲಿ ನೀರಿದೆಯಾ ಅಂತೆಲ್ಲ ಆಂಟಿ ಕೇಳಿದರು. ಅಣ್ಣನ ವಿಷಯ ಒಂದು ಮಾತೂ ಇಲ್ಲ. ಅಣ್ಣ ಮನೆಯಲ್ಲೇ ಇದ್ದ. ಹಿತ್ತಲಿನಿಂದ ಆಗಾಗ ಕೆಮ್ಮು ಕೇಳುತ್ತಿತ್ತು. ಪ್ರತಿ ಕೆಮ್ಮಿಗೂ ಆಂಟಿಯ ಕೈಯಲ್ಲಿದ್ದ ಲೋಟ ಒಂದು ಕ್ಷಣ ನಿಲ್ಲುತ್ತಿತ್ತು...

ಅತ್ತಿಗೆ ತಾವೇ ಹೊಲಕ್ಕೆ ಹೋಗಿ ಒಂದು ಚೀಲ ಅವರೆಕಾಯಿ ಕಿತ್ತು ತಂದರು. ಹೊರಡುವ ಹೊತ್ತಾಯಿತು. ಆಗ ಅವರು ಒಳಗಿನಿಂದ ಮೊರ ಹಿಡಿದು ಬಂದರು. ಮೊರದಲ್ಲಿ ಅಕ್ಕಿ, ಅದರ ಮೇಲೆ ತೆಂಗಿನಕಾಯಿ, ಹಸಿರು ಕಣ, ಎಲೆ ಅಡಿಕೆ. ಆಂಟಿ ತಟ್ಟನೆ ಎದ್ದು ನಿಂತರು. ಕೈ ತಾನಾಗಿ ಭುಜಕ್ಕೆ ಹೋಯಿತು, ಸೆರಗು ಹಿಡಿದು ಒಡ್ಡಲು. ಭುಜದ ಮೇಲೆ ಏನೂ ಇರಲಿಲ್ಲ. ಸೆರಗಿಲ್ಲ, ನನ್ನ ಮಾತು ಕೇಳಿ ದುಪಟ್ಟಾನೂ ಇಲ್ಲ. ಆ ಖಾಲಿ ಕೈ ಅಲ್ಲೇ ಸ್ವಲ್ಪ ಹೊತ್ತು ಹಾಗೇ ಇತ್ತು.

"ಅಯ್ಯೋ, ಸೆರಗೇ ಇಲ್ವಲ್ಲವ್ವಾ," ಅಂದರು ಅತ್ತಿಗೆ. "ಮಡ್ಲಕ್ಕಿನ ಚೀಲಕ್ಕೆ ಸುರಿಯಕ್ಕಾಯ್ತದಾ? ಇನ್ನೊಂದ್ ದಪ ಸೀರೆ ಉಟ್ಕಂಡ್ ಬಾ, ತುಂಬ್ತೀನಿ."

ಆಂಟಿ ಹೂಂ ಅಂದರು. ಅತ್ತಿಗೆ ಅವರ ಹಣೆಗೆ ಕುಂಕುಮ ಹಚ್ಚಿದರು. ಮೊರ ಒಳಗೆ ಹೋಯಿತು.

ಬಸ್ಸಿಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ. ಅವರದೇ ಒಂದು ಸೀರೆ ಕೊಟ್ಟು ಉಟ್ಕೊ ಅನ್ನಬಹುದಿತ್ತಲ್ಲ ಅಂದೆ. ಆಂಟಿ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. ಅತ್ತಿಗೆಯ ಸೀರೆ ಉಟ್ಟುಕೊಂಡು ಅತ್ತಿಗೆಯ ಕೈಯಿಂದಲೇ ಮಡಿಲು ತುಂಬಿಸಿಕೊಳ್ಳುತ್ತಾರಾ ಯಾರಾದರೂ ಅಂದರು. ಅದೆಲ್ಲ ನೆಪ, ಗಂಡನಿಗೆ ಹೆದರಿ ಹಾಗೆ ಹೇಳಿದ್ದಾರೆ ಅಂದೆ.

"ನೆಪ ಹೇಳೋರು ಮೊರಕ್ಕೆ ಅಕ್ಕಿ ಹಾಕಲ್ಲ ಕಣೋ. ಸೀರೆ ಉಟ್ಕೊಂಡು ಬಾ ಅಂದ್ರು. ಬರಬೇಡ ಅನ್ಲಿಲ್ಲ."

ಆ ಶಿವರಾತ್ರಿಗೆ ನಾನು "ಆಯ್ತಾ ಆಂಟಿ?" ಅಂತ ಕೇಳಿದಾಗ ಅವರು ಮೊದಲ ಸಲ ತಮ್ಮದೇ ನಿಯಮ ಮುರಿದರು. "ಅರ್ಧ," ಅಂದರು. ನಾನು ಬಿಡುವವನಾ? ಅರ್ಧ ಗಿರ್ಧ ಇಲ್ಲ, ಆಯ್ತಾ ಆಗ್ಲಿಲ್ವಾ ಅಂತ ಪಟ್ಟು ಹಿಡಿದೆ. ಸುಲಿದ ಕಾಳನ್ನು ಬೆರಳಿನಿಂದ ಈ ಕಡೆಗೂ ಆ ಕಡೆಗೂ ಸರಿಸುತ್ತಾ ಕೂತು, ಕೊನೆಗೆ "ಆಗ್ಲಿಲ್ಲ" ಅಂದರು.

ಮುಂದಿನ ವರ್ಷದ ಗುರಿ ದೀಪಾವಳಿಯವರೆಗೆ ಕಾಯಲಿಲ್ಲ. ಸೀರೆಯಲ್ಲಿ ಸೈಕಲ್ ತುಳಿಯುವುದನ್ನು ಮಳೆಗಾಲದಲ್ಲೇ ಅಭ್ಯಾಸ ಮಾಡತೊಡಗಿದರು. ಹಿಂದಿನ ಚಕ್ರಕ್ಕೆ ಸೀರೆ ಗಾರ್ಡು ಹಾಕಿಸಿದೆವು. ಈಗಿನ ಸೈಕಲ್ಲುಗಳಿಗೆ ಅದು ಬರುವುದಿಲ್ಲ, ಹುಡುಕಿ ಹುಡುಕಿ ಒಂದು ಹಳೆಯ ಅಂಗಡಿಯಲ್ಲಿ ಸಿಕ್ಕಿತು. ನೂಲಿನ ಸೀರೆ, ನೆರಿಗೆಗೆ ಪಿನ್ನು, ಸೆರಗು ಸೊಂಟಕ್ಕೆ. ಬೆಳಗ್ಗೆ ಗವಿಪುರಂ ತನಕ ಹೋಗಿ ಬರುವರು. ದೇವಸ್ಥಾನಕ್ಕೆ ಬಂದ ಜನ ತಿರುಗಿ ತಿರುಗಿ ನೋಡುವರು. ಅಂಕಲ್‌ಗೆ ಮಾತ್ರ ಇದು ಇಷ್ಟವಿರಲಿಲ್ಲ. ಒಂದು ದಿನ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಮೆಟ್ಟಿಲು ಹತ್ತಿದ್ರೆ ಏದುಸಿರು ಬರತ್ತೆ ಅವಳಿಗೆ. ಸ್ವಲ್ಪ ಹೇಳಿ," ಅಂದರು. ಅವರು ನನ್ನೊಡನೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಹೇಳಿದೆ. ಆಂಟಿ ಡಾಕ್ಟರ ಹತ್ತಿರ ಹೋಗಿ ಬಂದರು, ಮಾತ್ರೆ ತಂದರು, ನಿಧಾನಕ್ಕೆ ತುಳಿದರೆ ಪರವಾಗಿಲ್ಲವಂತೆ ಅಂದರು. ಡಾಕ್ಟರು ಹೀಗೆ ಅಂದಿದ್ದು ನಿಜವೋ, ಆಂಟಿ ಹೀಗೆ ಕೇಳಿಸಿಕೊಂಡು ಬಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮತ್ತೆ ಸಂಕ್ರಾಂತಿ ಕಳೆಯಿತು, ಮತ್ತೆ ಅದೇ ದಾರಿ. ಮಾವಿನ ಎಲೆಯ ಬಣ್ಣದ ಸೀರೆ, ಕೆಂಪು ಅಂಚು. ಬುತ್ತಿಯ ಚೀಲದಲ್ಲಿ ಅಣ್ಣನ ಮನೆಗೆಂದು ತಾವೇ ಮಾಡಿದ್ದ ಕಜ್ಜಾಯ. ಮಾಗಡಿಯವರೆಗೆ ನಿಧಾನವಾಗಿಯಾದರೂ ಬಂದೆವು. ಮಾಗಡಿ ದಾಟಿ ಸ್ವಲ್ಪ ದೂರದಲ್ಲಿ ಒಂದು ಏರು. ಆಂಟಿ ಇಳಿದು ತಳ್ಳಿಕೊಂಡು ಬರುತ್ತಿದ್ದವರು ಹಿಂದೆಯೇ ಉಳಿದರು. ತಿರುಗಿ ನೋಡಿದರೆ ರಸ್ತೆಯ ಪಕ್ಕ ಹೊಂಗೆಮರದ ಕೆಳಗೆ ಸೈಕಲ್ ಒರಗಿಸಿ, ಕಲ್ಲಿನ ಮೇಲೆ ಕೂತಿದ್ದರು. ಮುಖವೆಲ್ಲ ಬೆವರು. ಚಳಿಯ ಬೆಳಗಿನಲ್ಲಿ ಅಷ್ಟು ಬೆವರು ಕಂಡು ನನಗೆ ಹೆದರಿಕೆಯಾಯಿತು.

"ಕಾಲು ಬರ್ತಿಲ್ಲ ಕಣಪ್ಪ," ಅಂದರು.

ನೀರು ಕುಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಉಸಿರು ಸರಿಹೋಯಿತು. ಅಷ್ಟರಲ್ಲಿ ಆ ಕಡೆ ಹೋಗುವ ಒಂದು ಬಸ್ಸು ದೂರದಲ್ಲಿ ಕಾಣಿಸಿತು. ಕೈ ಅಡ್ಡ ಹಾಕುತ್ತೇನೆ, ಊರ ತಿರುವಿನಲ್ಲಿ ಇಳಿಯೋಣ, ಅಲ್ಲಿಂದ ನಡೆಯಬಹುದು ಅಂದೆ. ಸೀರೆ ಇದೆ, ಸೆರಗಿದೆ, ಇನ್ನೇನು ಬೇಕು? ಆಂಟಿ ತಲೆಯಾಡಿಸಿದರು. ಬಸ್ಸಿನಲ್ಲಿ ಇಳಿದರೆ ಏನಂತಾರೆ ಗೊತ್ತಲ್ಲ ಅಂದರು. ಯಾರೂ ಏನೂ ಅನ್ನುವುದಿಲ್ಲ ಆಂಟಿ, ಹೋಗೋಣ ಅಂತ ಬೇಡಿಕೊಂಡೆ. ಬಸ್ಸು ನಮ್ಮ ಮುಂದೆಯೇ ನಿಧಾನ ಮಾಡಿತು, ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ನೋಡಿದ. ಆಂಟಿ ಮುಖ ಆ ಕಡೆ ತಿರುಗಿಸಿಕೊಂಡರು. ಬಸ್ಸು ಹೋಯಿತು.

ನನಗೆ ಕೋಪ ಬಂತು. ನೆನಪಾದರೆ ಈಗಲೂ ಬರುತ್ತದೆ. ಇನ್ನು ಒಂದು ಗಂಟೆಯ ದಾರಿಯೂ ಇರಲಿಲ್ಲ. ಯಾರೋ ಏನೋ ಅನ್ನುತ್ತಾರೆ ಅಂತ ಹೆದರುವ ಹೆಂಗಸಾ ಅವರು? ಇಡೀ ಚಾಮರಾಜಪೇಟೆಗೇ ಹೆದರದವರು ಆ ಒಂದು ಮನೆಯವರಿಗೆ ಹೆದರಿದ್ದರು. ಮತ್ತೊಂದು ಬಸ್ಸು ಬಂತು, ಬೆಂಗಳೂರಿನ ಕಡೆಗೆ ಹೋಗುವುದು. ಅದನ್ನು ಹತ್ತಿದರು. ಆ ವರ್ಷ ಅವರ ಮನೆಯಲ್ಲಿ ಅವರೆಕಾಯಿ ಬೇಯಲೇ ಇಲ್ಲ. ಕಜ್ಜಾಯ ನಮಗೂ ಉಳಿದ ಬಾಡಿಗೆದಾರರಿಗೂ ಹಂಚಿಕೆಯಾಯಿತು. ಶಿವರಾತ್ರಿಗೆ ನಾನು ಕೇಳುವ ಮೊದಲೇ "ಆಗ್ಲಿಲ್ಲ" ಅಂದು, ಒಂದು ಕ್ಷಣ ಬಿಟ್ಟು, "ಮುಂದಿನ ಸಲ ಆಗತ್ತೆ. ಏರಿಗೆ ಗೇರಿನ ಸೈಕಲ್ ಬೇಕು ಕಣಪ್ಪ, ನಿಂದು ಕೊಡ್ತೀಯಾ?" ಅಂದರು. ಕೊಡ್ತೀನಿ ಅಂದೆ.

ಮುಂದಿನ ಸಲ ಬರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಹೆಂಡತಿಯ ಫೋನು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು. ಹೃದಯ ಅಂದರು. ಅಂಕಲ್ ಬೆಂಚಿನ ಮೇಲೆ ಆಂಟಿಯ ಕನ್ನಡಕ ಹಿಡಿದುಕೊಂಡು ಕೂತಿದ್ದರು...

ಮಾರನೆಯ ದಿನ ಜಿನುಗು ಮಳೆಯಲ್ಲಿ ತವರಿನವರು ಬಂದರು. ಮುತ್ತೈದೆಯಾಗಿ ಹೋದ ಹೆಣ್ಣುಮಗಳಿಗೆ ತವರಿನ ಸೀರೆ ಉಡಿಸಬೇಕು, ಮಡಿಲು ತುಂಬಿ ಕಳಿಸಬೇಕು. ಪದ್ಧತಿ ಹಾಗೆ. ಅತ್ತಿಗೆ ತಂದ ಸೀರೆಯನ್ನು ಉಡಿಸಿದರು. ಸೆರಗನ್ನು ಬಿಡಿಸಿ ಹರಡಿ ಅಕ್ಕಿ ಹಾಕಿದರು, ಕಾಯಿ ಇಟ್ಟರು, ಕಣ ಇಟ್ಟರು. ಸೀರೆ ಉಟ್ಕಂಡ್ ಬಾ ಅಂದಿದ್ನಲ್ಲವ್ವಾ, ಯಾಕವ್ವಾ ಬರ್ಲಿಲ್ಲ ಅಂತ ಅಳುತ್ತಾ ಹಾಕುತ್ತಿದ್ದರು. ನಾನು ನೋಡಲಾರದೆ ಹೊರಗೆ ಬಂದೆ. ಬದುಕಿದ್ದಾಗ ಇಲ್ಲದ ಅಕ್ಕಿ ಈಗ ಎಲ್ಲಿಂದ ಬಂತು ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಮೆಟ್ಟಿಲ ಕೆಳಗೆ, ಆಂಟಿಯ ಸೈಕಲ್ಲಿನ ಪಕ್ಕದಲ್ಲಿ, ಅವರ ಅಣ್ಣ ನಿಂತಿದ್ದರು. ಅವರ ಮುಖ ನಾನು ನೋಡಿದ್ದು ಆಗಲೇ. ಆಂಟಿಯದೇ ಮೂಗು, ಆಂಟಿಯದೇ ದವಡೆ. ಒಂದು ಕೈ ಸೀಟಿನ ಹಿಂದೆ ಹಿಡಿದುಕೊಂಡಿತ್ತು. ನನ್ನನ್ನು ಕಂಡು, ಅವಳ ಜೊತೆ ಬಂದಿದ್ದವರು ನೀವೇ ಅಲ್ವಾ ಅಂದರು. ಹೌದು ಅಂದೆ. ಮುಂದೆ ಮಾತಾಡುವ ಮನಸ್ಸು ನನಗಿರಲಿಲ್ಲ. ಅವರೇ ಹೇಳಿದರು.

"ಸೀರೆ ಉಟ್ಕಂಡ್ ಬತ್ತಾಳೆ ಅಂತ ಇವ್ಳು ಅಂದ್ಲು. ಅಕ್ಕಿ ಬ್ಯಾರೆ ತೆಗ್ದು ಮಡಗಿದ್ಲು. ಸಂಕ್ರಾಂತಿ ಆದ್ಮ್ಯಾಕೆ ದಿನಾ ಬೆಳಗ್ಗೆ ರೋಡಿಗೆ ಬಂದು ನಿಂತ್ಕತಿದ್ದೆ. ಸೈಕಲ್ಲು ಕಾಣ್ಲೇ ಇಲ್ಲ."

ಬಂದಿದ್ದರು, ಮಾಗಡಿ ದಾಟಿದ್ದರು, ಏರಿನಲ್ಲಿ ಕಾಲು ಸೋತಿತು ಅಂತ ಹೇಳಿದೆ. ಅವರು ನನ್ನನ್ನೇ ನೋಡಿದರು.

"ಮಾಗ್ಡಿ ದಾಟಿದ್ಲಾ? ಮತ್ತೆ ಬಸ್ಸಿತ್ತಲ್ಲಪ್ಪಾ?"

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಬಸ್ಸಿನಲ್ಲಿ ಬಂದರೆ ನೀವು ಏನನ್ನುತ್ತೀರೋ ಅಂತ ಹೆದರಿ ಬರಲಿಲ್ಲ ಅಂತ. ಆ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ? ಹೇಳಲಿಲ್ಲ. ಒಳಗಿನಿಂದ ಯಾರೋ ಅವರನ್ನು ಕರೆದರು. ಹೋಗುವ ಮೊದಲು ಅವರು ಹೆಗಲ ಮೇಲಿನ ಟವೆಲಿನಿಂದ ಸೈಕಲ್ಲಿನ ಸೀಟು ಒರೆಸಿದರು. ಮಳೆ ನಿಂತಿರಲಿಲ್ಲ, ಒರೆಸಿದ ಸೀಟು ಮತ್ತೆ ಒದ್ದೆಯಾಯಿತು.

ಆಂಟಿ ಹೇಳಿದ್ದೇ ನಿಜವಾಗಿತ್ತು, ಅದು ನೆಪವಾಗಿರಲಿಲ್ಲ. ಅವರು ತಪ್ಪಿದ್ದು ಒಂದೇ ಕಡೆ. ಆ ಸಲ ಅವರು ಹೇಗೆ ಹೋಗಿದ್ದರೂ ಆಗುತ್ತಿತ್ತು. ಕಾರು, ಬಸ್ಸು, ಎತ್ತಿನಗಾಡಿ, ಏನಾದರೂ.

ಆ ಮನೆ ಬಿಟ್ಟು ನಾವು ಗವಿಪುರಂಗೆ ಬಂದು ವರ್ಷಗಳಾದವು. ಚಳಿಗಾಲದಲ್ಲಿ ಈಗಲೂ ಒಂದು ಸಲ ಮಾಗಡಿ ದಾಟಿ ಹೋಗುತ್ತೇನೆ. ಆ ಏರು ನನಗೂ ಈಗ ಮೊದಲಿನಷ್ಟು ಸುಲಭವಲ್ಲ. ಊರಿನ ತಿರುವು ಬಂದಾಗ ಕಣ್ಣು ಬಲಕ್ಕೆ ಹೋಗುತ್ತದೆ. ರಸ್ತೆಯ ಪಕ್ಕ ಯಾರೂ ನಿಂತಿರುವುದಿಲ್ಲ. ನಾನು ನೇರ ಮುಂದೆ ಹೋಗುತ್ತೇನೆ, ನನಗೆ ಅಲ್ಲಿ ಏನು ಕೆಲಸ? ಗುರಿಗಳನ್ನು ಈಗಲೂ ಹಾಕಿಕೊಳ್ಳುತ್ತೇನೆ, ಫೋನಿನಲ್ಲಿ. ಹೋದ ಸೀಸನ್ನಿನದು ಆಗ್ಲಿಲ್ಲ. ಯಾಕೆ ಆಗಲಿಲ್ಲ ಅಂತ ಮೊನ್ನೆ ಹೆಂಡತಿಗೆ ಉದ್ದಕ್ಕೆ ವಿವರಿಸುತ್ತಿದ್ದೆ, ಗಾಳಿ, ಆಫೀಸು, ಮಂಡಿ ಅಂತ. ಅವಳು ಪೂರ್ತಿ ಕೇಳಿಸಿಕೊಂಡಳು, ಹೌದಾ ಪಾಪ ಅಂದಳು. ಅಷ್ಟು ಹೊತ್ತು ನನ್ನನ್ನು ಮಾತಾಡಲು ಬಿಡದವರು ಒಬ್ಬರಿದ್ದರು. ಅವರು ಇಲ್ಲ.